ವ್ಯಾಕರಣ ಪುಸ್ತಕ ಹಿಡಿದು ರಷ್ಯನ್ ಕಲಿಯುವವರಿಗೆ: ಧಾರವಾಡ ಕನ್ನಡದ ದಾರಿ

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ರಷ್ಯನ್ ಕಲಿಯಬೇಕು ಅನ್ನುವವರಲ್ಲಿ ಸಾಮಾನ್ಯವಾಗಿ ಮೂರು ನಮೂನೆಯವರು ಇರುತ್ತಾರೆ. ವೈದ್ಯಕೀಯ ಓದಲಿಕ್ಕೆ ಆ ದೇಶಕ್ಕೆ ಹೊರಟವರು ಒಂದು ನಮೂನೆ. ಚೆಖವ್, ತಾಲ್‌ಸ್ತಾಯ್ ಕಥೆಗಳನ್ನು ಕನ್ನಡದಲ್ಲಿ ಓದಿ ಮೂಲಕ್ಕೇ ಕೈಹಾಕೋಣ ಅನ್ನುವವರು ಇನ್ನೊಂದು. ಕಾರಣವೇನೂ ಇಲ್ಲದೆ ಭಾಷೆಯ ಹುಚ್ಚು ಹತ್ತಿದವರು ಮೂರನೆಯವರು. ಮೂವರಿಗೂ ಒಂದೇ ತೊಡಕು: ಮೇಷ್ಟ್ರು ಸಿಗುವುದಿಲ್ಲ, ಪುಸ್ತಕ ಸಿಗುತ್ತದೆ. ಆ ಪುಸ್ತಕವೂ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಬರೆದದ್ದು.

ಗೊಂದಲ ಶುರುವಾಗುವುದೇ ಇಲ್ಲಿ. ವಿಭಕ್ತಿ ಅಂದರೇನು ಅಂತ ಇಂಗ್ಲಿಷರಿಗೆ ತಿಳಿಸಲು ಆ ಪುಸ್ತಕಗಳು ಪುಟಗಟ್ಟಲೆ ವ್ಯಯಿಸುತ್ತವೆ. ನೀವು ಆ ಪುಟಗಳನ್ನು ಓದಿ, ಇದೇನೋ ಭಾರಿ ಕಠಿಣ ಅಂತ ಹೆದರಿ, ಐದನೆಯ ಪಾಠಕ್ಕೇ ಪುಸ್ತಕ ಮುಚ್ಚಿಡುತ್ತೀರಿ. ಹೈಸ್ಕೂಲಿನಲ್ಲಿ ‘ಉ, ಅನ್ನು, ಇಂದ, ಗೆ’ ಬಾಯಿಪಾಠ ಮಾಡಿದವರು ಹೆದರುವ ಕಾರಣವಿಲ್ಲ. ಈ ಬರಹದಲ್ಲಿ ನಾನು ಹೇಳುವುದು ಇಷ್ಟೇ: ಪುಸ್ತಕ ಇಂಗ್ಲಿಷಿನದಿರಲಿ, ಓದುವುದು ಮಾತ್ರ ಕನ್ನಡ ವ್ಯಾಕರಣದ ಮೂಲಕ ನಡೆಯಲಿ. ಅದರಲ್ಲೂ ಮನೆಯಲ್ಲಿ ಆಡುವ ಧಾರವಾಡ ಕನ್ನಡದ ಮೂಲಕ.

ಪುಸ್ತಕ ಆರಿಸುವಾಗ

ಒಂದೇ ಪುಸ್ತಕ ಸಾಕು. ಮೂರು ಪುಸ್ತಕ ತಂದಿಟ್ಟುಕೊಂಡವರು ಮೂರರದ್ದೂ ಮೊದಲ ನಾಲ್ಕು ಪಾಠ ಕಲಿತು ನಿಲ್ಲುತ್ತಾರೆ.

ಕೊಳ್ಳುವ ಮುಂಚೆ ನಾಲ್ಕು ಸಂಗತಿ ನೋಡಿ. ಮೊದಲನೆಯದು, ಪ್ರತಿ ರಷ್ಯನ್ ಶಬ್ದದ ಮೇಲೆ ಸ್ವರಾಘಾತದ ಗುರುತು, ಅಂದರೆ ಯಾವ ಸ್ವರವನ್ನು ಒತ್ತಿ ಹೇಳಬೇಕು ಅಂತ ತೋರಿಸುವ ಒಂದು ಓರೆಗೆರೆ, ಇರಬೇಕು. ಸಾಮಾನ್ಯ ರಷ್ಯನ್ ಪುಸ್ತಕ, ಪತ್ರಿಕೆಗಳಲ್ಲಿ ಈ ಗುರುತು ಹಾಕುವುದಿಲ್ಲ, ಕಲಿಯುವವರ ಪುಸ್ತಕದಲ್ಲಿ ಮಾತ್ರ ಹಾಕುತ್ತಾರೆ. ಅದಿಲ್ಲದ ಪುಸ್ತಕವನ್ನು ಪುಕ್ಕಟೆ ಕೊಟ್ಟರೂ ಬೇಡ. ಎರಡನೆಯದು, ಕೊನೆಗೆ ಅಭ್ಯಾಸಗಳ ಉತ್ತರ ಇರಬೇಕು. ಮೇಷ್ಟ್ರಿಲ್ಲದೆ ಕಲಿಯುವವರಿಗೆ ಆ ಉತ್ತರಗಳೇ ಮೇಷ್ಟ್ರು. ಮೂರನೆಯದು, ಆಡಿಯೋ ಸಿಗಬೇಕು. ನಾಲ್ಕನೆಯದು, ಆರೂ ವಿಭಕ್ತಿಗಳನ್ನು ಒಂದೇ ಕೋಷ್ಟಕದಲ್ಲಿ ಒಮ್ಮೆಗೇ ಸುರಿಯದೆ ಒಂದೊಂದನ್ನೇ ಕೆಲವು ಪಾಠಗಳ ಅಂತರದಲ್ಲಿ ಕಲಿಸಬೇಕು.

ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ ರಷ್ಯನ್ ಪಾಠಪುಸ್ತಕಗಳು ಒಮ್ಮೊಮ್ಮೆ ಸಿಗುತ್ತವೆ. ಬೆಲೆ ಕಡಿಮೆ, ಕಟ್ಟು ಗಟ್ಟಿ, ಅಭ್ಯಾಸಗಳಂತೂ ಧಾರಾಳ. ವ್ಯಾಕರಣ ಅಂದಿನಿಂದ ಇಂದಿಗೆ ಬದಲಾಗಿಲ್ಲ, ಹಾಗಾಗಿ ಧೈರ್ಯವಾಗಿ ಕೊಳ್ಳಬಹುದು. ಆದರೆ ಅವುಗಳಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ‘ತವಾರಿಶ್’, ಅಂದರೆ ಸಂಗಾತಿ, ಅಂತ ಕರೆಯುತ್ತಿರುತ್ತಾರೆ, ಸಾಮೂಹಿಕ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿರುತ್ತಾರೆ. ಇವತ್ತು ಅಂಗಡಿಯವನನ್ನು ಹಾಗೆ ಕರೆದರೆ ನಕ್ಕಾನು. ಆಡಿಯೋ ಇರುವ ಹೊಸ ಪುಸ್ತಕವನ್ನು ಮುಖ್ಯವಾಗಿಟ್ಟುಕೊಂಡು, ಹಳೆಯದನ್ನು ಅಭ್ಯಾಸಕ್ಕೆ ಮಾತ್ರ ಬಳಸುವುದು ಒಳ್ಳೆಯದು. ಒಂದೇ ಪುಸ್ತಕ ಅಂದೆನಲ್ಲ, ಇದೊಂದು ರಿಯಾಯಿತಿ.

ಲಿಪಿ: ಮೊದಲ ಎರಡು ವಾರ

ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳು: 10 ಸ್ವರ, 21 ವ್ಯಂಜನ, ತಮ್ಮದೇ ಸದ್ದಿಲ್ಲದ 2 ಚಿಹ್ನೆ. ನಮ್ಮ ಕಾಗುಣಿತ, ಒತ್ತಕ್ಷರ ಕಲಿತವರಿಗೆ ಇದು ದೊಡ್ಡದಲ್ಲ. ತೊಂದರೆ ಕೊಡುವುದು ಇಂಗ್ಲಿಷನ್ನು ಹೋಲುವ ಅಕ್ಷರಗಳು. ಎ, ಕೆ, ಎಂ, ಒ, ಟಿ ಆಕಾರದವು ಹೆಚ್ಚೂಕಡಿಮೆ ನಿಮಗೆ ಗೊತ್ತಿರುವ ಸದ್ದನ್ನೇ ಕೊಡುತ್ತವೆ. ಆದರೆ ಪಿ ಆಕಾರದ್ದು ‘ರ್’, ಎಚ್ ಆಕಾರದ್ದು ‘ನ್’, ಬಿ ಆಕಾರದ್ದು ‘ವ್’, ಸಿ ಆಕಾರದ್ದು ‘ಸ್’, ವೈ ಆಕಾರದ್ದು ‘ಉ’. ಪಿ-ಇ-ಸಿ-ಟಿ-ಒ-ಪಿ-ಎ-ಎಚ್ ಅಂತ ಕಾಣುವ ಬೋರ್ಡು ನಿಜವಾಗಿ ‘ರೆಸ್ತರಾನ್’, ಊಟದ ಹೋಟೆಲು. ಈ ಐದಾರು ಮೋಸಗಾರ ಅಕ್ಷರಗಳನ್ನೇ ಮೊದಲು ಹಿಡಿಯಿರಿ. ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ಆಕಾರಗಳು ಹೊಸವಾಗಿರುವುದರಿಂದಲೇ ಬೇಗ ನೆನಪಿನಲ್ಲಿ ನಿಲ್ಲುತ್ತವೆ.

ಹತ್ತು ಸ್ವರಗಳನ್ನು ಐದು ಜೋಡಿಯಾಗಿ ಕಲಿಯಿರಿ: ಅ-ಯ, ಎ-ಯೆ, ಒ-ಯೊ, ಉ-ಯು, ಮತ್ತು ಒಂದು ವಿಚಿತ್ರ ಇ-ಕಾರದ ಜೊತೆ ಸಾದಾ ಇ. ಜೋಡಿಯ ಎರಡನೆಯದು ಹಿಂದಿನ ವ್ಯಂಜನವನ್ನು ಮೃದು ಮಾಡುತ್ತದೆ, ಅಂದರೆ ನಾಲಗೆಯ ನಡುಭಾಗ ಅಂಗುಳಿನ ಕಡೆ ಏರುತ್ತದೆ. ಹತ್ತಿರದಲ್ಲಿ ಬರುವುದು ನಮ್ಮ ಯ-ಒತ್ತು, ಆದರೆ ಪೂರ್ತಿ ‘ಯ’ ಕೇಳಿಸಬಾರದು. ಆ ವಿಚಿತ್ರ ಇ-ಕಾರವನ್ನು ‘ಇ’ ಹೇಳುತ್ತ ನಾಲಗೆಯನ್ನು ಹಿಂದಕ್ಕೆ ಎಳೆದು ಅಭ್ಯಾಸ ಮಾಡಿ. ತುಟಿ ದುಂಡಾಗಬಾರದು. ಇದು ಒಂದೆರಡು ತಿಂಗಳು ಸರಿಯಾಗಿ ಬರುವುದಿಲ್ಲ, ಬರದಿದ್ದರೂ ಮುಂದಕ್ಕೆ ಹೋಗಿ.

ಉಳಿದ ಸದ್ದುಗಳಲ್ಲಿ ನಾವು ಇಂಗ್ಲಿಷರಿಗಿಂತ ಮುಂದೆ. ರಷ್ಯನ್ನಿನ ತ, ದ ನಮ್ಮ ತ, ದ ದಂತೆ ಹಲ್ಲಿಗೆ ತಾಗುತ್ತವೆ. ರ-ಕಾರ ನಮ್ಮ ರ ದಂತೆ ಉರುಳುತ್ತದೆ. ಮಹಾಪ್ರಾಣ ಇಲ್ಲ, ಟ-ಡ ಇಲ್ಲ. ಎಕ್ಸ್ ಆಕಾರದ ಅಕ್ಷರ ಹುಬ್ಬಳ್ಳಿಯ ಉರ್ದು ಮಾತಿನ ‘ಖಬರ್’ ನಲ್ಲಿ ಬರುವ ಗಂಟಲ ಸದ್ದು. ‘ತ್ಸ’ ಸದ್ದು ಮರಾಠಿಯ ‘ಚಾಂಗಲಾ’ ದ ಮೊದಲ ಸದ್ದು. ಓಣಿಯಲ್ಲಿ ಉರ್ದು, ಮರಾಠಿ ಕೇಳುತ್ತ ಬೆಳೆದವರಿಗೆ ಇವೆರಡೂ ಪುಕ್ಕಟೆ ಬಂದವು.

ಎರಡು ಚಟ ಮಾತ್ರ ಬಿಡಬೇಕು. ಒಂದು, ವ್ಯಂಜನದಲ್ಲಿ ಮುಗಿಯುವ ಶಬ್ದಕ್ಕೆ ನಾವು ಉ-ಕಾರ ಅಂಟಿಸುವುದು. ಬಸ್ಸು, ಕಾರು, ಪೆನ್ನು ಅಂದ ಬಾಯಿ ಮನೆಗೆ ‘ದೋಮ್’ ಅನ್ನದೆ ‘ದೋಮು’ ಅನ್ನುತ್ತದೆ. ರಷ್ಯನ್ನಿನಲ್ಲಿ ಹಾಗೆ ಉ ಸೇರಿಸಿದರೆ ವಿಭಕ್ತಿಯೇ ಬದಲಾಗುತ್ತದೆ. ‘ದೋಮು’ ಅಂದರೆ ‘ಮನೆಗೆ’ ಅನ್ನುವ ಚತುರ್ಥಿ. ಎರಡು, ಶಬ್ದದ ಕೊನೆಯ ಘೋಷ ವ್ಯಂಜನ ಅಘೋಷವಾಗುವುದನ್ನು ಮರೆಯುವುದು. ಗ ಬರೆದಿದ್ದರೂ ಕೊನೆಯಲ್ಲಿ ‘ಕ್’, ದ ಇದ್ದರೆ ‘ತ್’, ಬ ಇದ್ದರೆ ‘ಪ್’. ಗದಗ ಊರಿನ ಹೆಸರನ್ನು ರಷ್ಯನ್ನಿನಲ್ಲಿ ಬರೆದು ಓದಿದರೆ ‘ಗದಕ್’ ಅನ್ನಿಸುತ್ತದೆ, ಧಾರವಾಡ ‘ತ್’ ನಲ್ಲಿ ಮುಗಿಯುತ್ತದೆ.

ಈಗ ಒಂದು ಎಚ್ಚರಿಕೆ. ಈ ಬರಹದಲ್ಲಿ ರಷ್ಯನ್ ಶಬ್ದಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಓದುವ ಅನುಕೂಲಕ್ಕೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮೊದಲ ವಾರ ಕಳೆದ ಮೇಲೆ ಹಾಗೆ ಬರೆಯಬೇಡಿ. ‘ಅಣ್ಣ ಅಥವಾ ತಮ್ಮ’ ಅನ್ನುವ ಶಬ್ದ, ‘ತೆಗೆದುಕೊಳ್ಳುವುದು’ ಅನ್ನುವ ಶಬ್ದ ಎರಡೂ ಕನ್ನಡದಲ್ಲಿ ‘ಬ್ರಾತ್’ ಅಂತಲೇ ಬರೆಯಬೇಕಾಗುತ್ತದೆ. ಮೊದಲನೆಯದರ ತ್ ಗಟ್ಟಿ, ಎರಡನೆಯದರ ತ್ ಮೃದು. ರಷ್ಯನ್ ಲಿಪಿ ಮೃದು ಚಿಹ್ನೆ ಹಾಕಿ ಆ ಭೇದ ತೋರಿಸುತ್ತದೆ, ಕನ್ನಡ ಲಿಪಿಗೆ ಅದು ಸಾಧ್ಯವಿಲ್ಲ.

ಕೈಬರಹವನ್ನೂ ಈಗಲೇ ಕಲಿಯಿರಿ. ಇಂಗ್ಲಿಷ್ ಕಾಪಿ ಬರೆಯುವ ನಾಲ್ಕು ಗೆರೆಯ ನೋಟ್‌ಬುಕ್ ತನ್ನಿ. ಕೈಬರಹದಲ್ಲಿ ತ-ಕಾರ ಇಂಗ್ಲಿಷಿನ ಸಣ್ಣ ಎಂ ನಂತೆ, ದ-ಕಾರ ಜಿ ಯಂತೆ, ಪ-ಕಾರ ಎನ್ ನಂತೆ, ಇ-ಕಾರ ಯು ದಂತೆ ಕಾಣುತ್ತದೆ. ದ-ಕಾರ ಬಿಟ್ಟರೆ ಪುಸ್ತಕದ ಓರೆ ಅಕ್ಷರಗಳೂ ಹೆಚ್ಚೂಕಡಿಮೆ ಇದೇ ರೂಪದಲ್ಲಿರುತ್ತವೆ. ಅಲ್ಲಿ ಹೋಗಿ ಓದುವ ವಿದ್ಯಾರ್ಥಿಗಳಿಗೆ ಕರಿಹಲಗೆ ಓದಲು ಇದು ಬೇಕೇ ಬೇಕು.

ಸ್ವರಾಘಾತ

ಇದಕ್ಕೆ ಕನ್ನಡದಲ್ಲಿ ಸಮನಾದದ್ದು ಇಲ್ಲ, ಆದ್ದರಿಂದ ಪ್ರತ್ಯೇಕವಾಗಿ ಹೇಳಬೇಕು. ಪ್ರತಿ ಶಬ್ದದಲ್ಲಿ ಒಂದು ಅಕ್ಷರಕ್ಕೆ ಮಾತ್ರ ಒತ್ತು. ಉಳಿದ ಸ್ವರಗಳು ಬಾಡುತ್ತವೆ. ಒತ್ತಿಲ್ಲದ ‘ಒ’ ‘ಅ’ ಆಗುತ್ತದೆ. ಹಾಲಿಗೆ ಬರೆಯುವುದು ‘ಮೊಲೊಕೊ’, ಅನ್ನುವುದು ‘ಮಲಕೋ’. ಬರೆಯುವುದು ‘ಮೊಸ್ಕ್ವಾ’, ಅನ್ನುವುದು ‘ಮಸ್ಕ್ವಾ’. ಒತ್ತು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಸುಲಭದ ಸೂತ್ರವಿಲ್ಲ. ‘ಜಾಮಕ್’ ಅಂದರೆ ಕೋಟೆ, ‘ಜಮೋಕ್’ ಅಂದರೆ ಬೀಗ, ಅಕ್ಷರಗಳು ಅವೇ. ವಿಭಕ್ತಿ ಹಚ್ಚಿದಾಗ ಒತ್ತು ಜಾಗ ಬದಲಿಸುವುದೂ ಉಂಟು: ಕೈ ‘ರುಕಾ’, ಕೈಯನ್ನು ‘ರೂಕು’. ಹಾಗಾಗಿ ಹೊಸ ಶಬ್ದ ಬರೆದುಕೊಳ್ಳುವಾಗ ಒತ್ತಿನ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಹಾಕಿ. ಗೆರೆ ಇಲ್ಲದ ಶಬ್ದ ಅರ್ಧ ಕಲಿತ ಶಬ್ದ. ಎರಡು ಚುಕ್ಕಿಯ ‘ಯೊ’ ಬಂದರೆ ಒತ್ತು ಹೆಚ್ಚಾಗಿ ಅಲ್ಲೇ, ಆದರೆ ಸಾಮಾನ್ಯ ಮುದ್ರಣದಲ್ಲಿ ಆ ಚುಕ್ಕಿಗಳನ್ನೂ ಬಿಟ್ಟುಬಿಡುತ್ತಾರೆ.

ಪಾಠದ ಪಕ್ಕದಲ್ಲಿ ನಮ್ಮ ಕನ್ನಡ

ಇನ್ನು ಕೆಲಸದ ವಿಧಾನ. ಪುಸ್ತಕದ ಪ್ರತಿ ಮಾದರಿ ವಾಕ್ಯದ ಕೆಳಗೆ ಇಂಗ್ಲಿಷ್ ಅರ್ಥ ಇರುತ್ತದೆ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಮನೆಯ ಮಾತಿನಲ್ಲಿ ಅದೇ ಅರ್ಥ ಬರೆಯಿರಿ. ಗ್ರಾಂಥಿಕ ಕನ್ನಡ ಬೇಡ. ಯಾಕೆ ಅನ್ನುವುದು ಕೆಲವು ವಾಕ್ಯ ನೋಡಿದರೆ ತಿಳಿಯುತ್ತದೆ.

‘ಎತ ದೋಮ್’: ಇದು ಮನಿ. ಇಂಗ್ಲಿಷಿಗೆ ನಡುವೆ ಕ್ರಿಯಾಪದ ಬೇಕು, ನಾಮಪದದ ಮುಂದೆ ‘ಎ’, ‘ದಿ’ ಅನ್ನುವ ಒಂದು ಪುಟ್ಟ ಶಬ್ದವೂ ಬೇಕು. ರಷ್ಯನ್ನಿಗೆ ಎರಡೂ ಬೇಡ, ನಮಗೂ ಬೇಡ. ‘ಯಾ ಸ್ತುದ್ಯೇನ್ತ್’: ನಾ ವಿದ್ಯಾರ್ಥಿ. ಇಂಗ್ಲಿಷ್ ಪುಸ್ತಕ ಇದನ್ನು ಅಚ್ಚರಿ ಅನ್ನುವಂತೆ ವಿವರಿಸುತ್ತದೆ. ನೀವು ಮುಂದಿನ ಪುಟಕ್ಕೆ ಹೋಗಿ.

‘ಉ ಮಿನ್ಯಾ ಯೇಸ್ತ್ ಬ್ರಾತ್’: ನನಗ ತಮ್ಮ ಅದಾನ. ‘ಉ ಮಿನ್ಯಾ ನ್ಯೇತ್ ದ್ಯೇನಿಕ್’: ನನ್ನ ಕಡೆ ರೊಕ್ಕ ಇಲ್ಲ. ಇಂಗ್ಲಿಷಿನಲ್ಲಿ ರೊಕ್ಕವನ್ನು ‘ಹೊಂದಿರುವ’ ಕ್ರಿಯಾಪದ ಇದೆ. ರಷ್ಯನ್ ಮಾತಿನಲ್ಲಿ ನಮ್ಮ ಹಾಗೆ ರೊಕ್ಕ ನಮ್ಮ ಕಡೆ ಇರುತ್ತದೆ ಅಥವಾ ಇರುವುದಿಲ್ಲ. ‘ಉ ಮಿನ್ಯಾ’ ಅಂದರೆ ‘ನನ್ನ ಕಡೆ’ ಅಂತ ಒಂದು ಸಲ ಕೂತರೆ ಆ ಪಾಠ ಮುಗಿಯಿತು. ಒಂದೇ ಹೊಸ ಸಂಗತಿ: ‘ನ್ಯೇತ್’, ಅಂದರೆ ‘ಇಲ್ಲ’, ಬಂದಾಗ ಇಲ್ಲದ ವಸ್ತುವಿಗೆ ಷಷ್ಠಿ ಹಚ್ಚಬೇಕು.

‘ಮ್ನ್ಯೇ ಖೋಲದ್ನ’: ನನಗ ಥಂಡಿ ಆಗೇದ. ‘ಮ್ನ್ಯೇ ದ್ವಾತ್ಸತ್ ಲ್ಯೇತ್’: ನನಗ ಇಪ್ಪತ್ತು ವರ್ಷ. ‘ಮ್ನ್ಯೇ ಎತ ನ್ರಾವಿತ್ಸ’: ನನಗ ಇದು ಸೇರ್ತದ. ಈ ಮೂರರಲ್ಲೂ ‘ಮ್ನ್ಯೇ’ ಅನ್ನುವುದು ಚತುರ್ಥಿ, ನಮ್ಮ ‘ನನಗ’. ಇಂಗ್ಲಿಷರು ಇಲ್ಲಿ ಕರ್ತೃವನ್ನು ಹುಡುಕುತ್ತ ಒದ್ದಾಡುತ್ತಾರೆ. ‘ಸೇರ್ತದ’ ಅನ್ನುವಾಗ ಕ್ರಿಯಾಪದ ಸೇರುವ ವಸ್ತುವಿಗೆ ಹೊಂದುತ್ತದೆ, ನನಗಲ್ಲ. ರಷ್ಯನ್ನಿನಲ್ಲೂ ಹಾಗೆಯೇ, ವಸ್ತು ಬಹುವಚನವಾದರೆ ಕ್ರಿಯಾಪದ ಬಹುವಚನ.

‘ನಿಕ್ತೋ ನೆ ಜ್ನಾಯೆತ್’: ಯಾರಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ನಿಷೇಧ ಒಂದು ಕಡೆ ಬಂದರೆ ಸಾಕು. ನಮ್ಮಲ್ಲಿ ‘ಯಾರಿಗೂ’ ಅಂದಮೇಲೆ ಕೊನೆಗೆ ‘ಇಲ್ಲ’ ಬರಲೇಬೇಕು. ಅವರಲ್ಲೂ ‘ನಿ’ ಬಂದಮೇಲೆ ‘ನೆ’ ಬರಲೇಬೇಕು.

‘ನೀ’ ಮತ್ತು ‘ನೀವು’ ಭೇದವೂ ನಮ್ಮದೇ. ಗೆಳೆಯರಿಗೆ, ಮನೆಯವರಿಗೆ, ಮಕ್ಕಳಿಗೆ ‘ತಿ’. ಮೇಷ್ಟ್ರಿಗೆ, ಡಾಕ್ಟರರಿಗೆ, ಪರಿಚಯವಿಲ್ಲದವರಿಗೆ ‘ವಿ’. ಆ ‘ವಿ’ ಗೆ ಕ್ರಿಯಾಪದ ಯಾವಾಗಲೂ ಬಹುವಚನ. ಎರಡರಲ್ಲೂ ಇರುವುದು ಆ ವಿಚಿತ್ರ ಇ-ಕಾರವೇ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಇನ್ನೂ ಒಂದು ಅನುಕೂಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಭೀಮಸೇನ ಗುರುರಾಜ ಜೋಶಿ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಆಂತೋನ್ ಪಾವ್ಲವಿಚ್ ಚೆಖವ್ ಅನ್ನುವುದೂ ಅದೇ ಕ್ರಮ, ತಂದೆ ಪಾವೆಲ್. ಗಂಡಸಿಗೆ ‘ವಿಚ್’, ಹೆಂಗಸಿಗೆ ‘ವ್ನ’: ಗಗನಯಾತ್ರಿ ತೆರೆಶ್ಕೋವಾ ಅವರ ಪೂರ್ತಿ ಹೆಸರು ವಲೆಂತೀನಾ ವ್ಲಾದಿಮಿರವ್ನ ತೆರೆಶ್ಕೋವಾ. ಗೌರವ ಕೊಡುವಾಗ ‘ಸರ್’, ‘ಮೇಡಂ’ ಅನ್ನದೆ ಮೊದಲ ಎರಡು ಹೆಸರು ಕೂಡಿಸಿ ಕರೆಯುತ್ತಾರೆ. ಪುಸ್ತಕದ ಸಂಭಾಷಣೆಯಲ್ಲಿ ಅಲೆಕ್ಸಾಂದ್ರ್ ಇದ್ದಕ್ಕಿದ್ದಂತೆ ಸಾಶಾ ಆದರೆ, ಇವಾನ್ ವಾನ್ಯಾ ಆದರೆ, ಮರೀಯ ಮಾಶಾ ಆದರೆ ಹೊಸ ಪಾತ್ರ ಬಂತು ಅಂದುಕೊಳ್ಳಬೇಡಿ. ಅವು ಮನೆಯಲ್ಲಿ ಕರೆಯುವ ಹೆಸರುಗಳು.

ಆರು ವಿಭಕ್ತಿ, ಮೂರು ಬಲೆ

ರಷ್ಯನ್ನಿನಲ್ಲಿ ವಿಭಕ್ತಿಗಳು ಆರು: ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥಿ, ಷಷ್ಠಿ, ಸಪ್ತಮಿ. ಪಂಚಮಿಗೆ ಬೇರೆ ರೂಪವಿಲ್ಲ, ಅದರ ಕೆಲಸ ಷಷ್ಠಿ ಮಾಡುತ್ತದೆ. ಇಂಗ್ಲಿಷ್ ಪುಸ್ತಕದ ಲ್ಯಾಟಿನ್ ಹೆಸರುಗಳ ಮೇಲೆ ಈ ಹೆಸರು ಬರೆದುಬಿಡಿ. ‘ಪುಸ್ತಕ’ ಅನ್ನುವ ಶಬ್ದ ಹೀಗೆ ನಡೆಯುತ್ತದೆ: ಕ್ನೀಗ, ದ್ವಿತೀಯಾ ಕ್ನೀಗು, ತೃತೀಯಾ ಕ್ನೀಗಯ್, ಚತುರ್ಥಿ ಕ್ನೀಗೆ, ಷಷ್ಠಿ ಕ್ನೀಗಿ, ಸಪ್ತಮಿ ಮತ್ತೆ ಕ್ನೀಗೆ, ಆದರೆ ಮುಂದೆ ‘ವ್’ (ಒಳಗೆ), ‘ನ’ (ಮೇಲೆ), ‘ಅ’ (ಬಗ್ಗೆ) ತರಹದ ಪುಟ್ಟ ಶಬ್ದ ಬಂದಾಗ ಮಾತ್ರ.

ಕನ್ನಡದಿಂದ ಬರುವವರಿಗೆ ಇಲ್ಲಿ ವಿಭಕ್ತಿಯ ಕಲ್ಪನೆ ತೊಡಕಲ್ಲ, ಅದರ ಕಟ್ಟೋಣ ತೊಡಕು. ನಮ್ಮಲ್ಲಿ ಪುಸ್ತಕ, ಗಳು, ಅಲ್ಲಿ ಒಂದರ ಹಿಂದೆ ಒಂದು ಬಂದು ‘ಪುಸ್ತಕಗಳಲ್ಲಿ’ ಆಗುತ್ತದೆ. ಬಹುವಚನ ಯಾವುದು, ವಿಭಕ್ತಿ ಯಾವುದು ಅಂತ ಬಿಡಿಸಿ ತೋರಿಸಬಹುದು. ರಷ್ಯನ್ನಿನಲ್ಲಿ ‘ಕ್ನೀಗಖ್’ ಅನ್ನುವುದರ ಕೊನೆಯ ತುಂಡೇ ಬಹುವಚನವನ್ನೂ ಸಪ್ತಮಿಯನ್ನೂ ಒಟ್ಟಿಗೆ ಹೇಳುತ್ತದೆ. ಅದರ ಮೇಲೆ ಲಿಂಗಕ್ಕೆ ತಕ್ಕಂತೆ ಪ್ರತ್ಯಯ ಬೇರೆ. ವಿಶೇಷಣವೂ ಜೊತೆಗೆ ಬದಲಾಗುತ್ತದೆ: ನಾವು ‘ಹೊಸ ಪುಸ್ತಕ, ಹೊಸ ಪುಸ್ತಕದಲ್ಲಿ’ ಅಂದು ‘ಹೊಸ’ ವನ್ನು ಮುಟ್ಟುವುದಿಲ್ಲ, ಅವರು ‘ನೋವಯ ಕ್ನೀಗ, ವ್ ನೋವಯ್ ಕ್ನೀಗೆ’ ಅನ್ನುತ್ತಾರೆ.

ಲಿಂಗವೂ ಹೆಚ್ಚಾಗಿ ಅರ್ಥದಿಂದ ಬರುವುದಿಲ್ಲ, ಶಬ್ದದ ಕೊನೆಯಿಂದ ಬರುತ್ತದೆ. ವ್ಯಂಜನದಲ್ಲಿ ಮುಗಿದರೆ ಪುಲ್ಲಿಂಗ, ‘ಅ-ಯ’ ದಲ್ಲಿ ಮುಗಿದರೆ ಸ್ತ್ರೀಲಿಂಗ, ‘ಒ-ಯೆ’ ದಲ್ಲಿ ಮುಗಿದರೆ ನಪುಂಸಕ. ಟೇಬಲ್ಲು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಹಿಂದಿ ಅಥವಾ ಮರಾಠಿ ಬರುವವರಿಗೆ ಇದು ಹೊಸದಲ್ಲ. ಮೃದು ಚಿಹ್ನೆಯಲ್ಲಿ ಮುಗಿಯುವವು ಮಾತ್ರ ಎರಡೂ ಕಡೆ ಹೋಗುತ್ತವೆ (ಹಗಲು ಗಂಡು, ರಾತ್ರಿ ಹೆಣ್ಣು). ಅವನ್ನು ಲಿಂಗ ಸಹಿತ ಬರೆದುಕೊಳ್ಳಿ.

ಈಗ ಬಲೆಗಳು. ಕನ್ನಡ ಸಹಾಯ ಮಾಡುವ ಜಾಗದಲ್ಲೇ ದಾರಿ ತಪ್ಪಿಸುವುದೂ ಉಂಟು.

ಮೊದಲನೆಯದು ‘ಇಂದ’. ‘ಪೆನ್ನಿನಿಂದ ಬರೆ’, ‘ಗದಗದಿಂದ ಬಂದೆ’ ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಪ್ರತ್ಯಯ. ರಷ್ಯನ್ನಿನಲ್ಲಿ ಪೆನ್ನಿಗೆ ತೃತೀಯಾ, ‘ರೂಚ್ಕಯ್’. ಅದರ ಮುಂದೆ ಏನೂ ಬೇಡ. ಗದಗಕ್ಕೆ ‘ಇಜ್’ ಸೇರಿಸಿ ಷಷ್ಠಿ, ‘ಇಜ್ ಗದಗ’. (ಷಷ್ಠಿಯಲ್ಲಿ ಕೊನೆಗೆ ಅ-ಕಾರ ಬಂದು ಊರಿನ ಹೆಸರು ನಮ್ಮ ಉಚ್ಚಾರಕ್ಕೆ ಮರಳುತ್ತದೆ!) ಅದರಲ್ಲೂ ಊರಿನ ಒಳಗಿಂದ ಬಂದರೆ ‘ಇಜ್’, ಮಾರ್ಕೆಟ್ಟಿನಿಂದ ಬಂದರೆ ‘ಸ್’, ಅಣ್ಣನ ಕಡೆಯಿಂದ ಬಂದರೆ ‘ಅತ್’. ಇವುಗಳ ಜೊತೆಯೆಲ್ಲ ಷಷ್ಠಿಯೇ. ‘ಹಾಲು ಹಾಕಿದ ಚಹಾ’ ಅನ್ನುವಾಗ ಅದೇ ‘ಸ್’ ತೃತೀಯಾದ ಜೊತೆ ಬರುತ್ತದೆ: ‘ಚಾಯ್ ಸ್ ಮಲಕೋಮ್’. ಅಂದರೆ ‘ಸ್’ ಕಂಡ ಕೂಡಲೇ ಅರ್ಥ ಹೇಳಬಾರದು, ಅದರ ನಂತರ ಬರುವ ಶಬ್ದದ ಬಾಲ ನೋಡಿ ಹೇಳಬೇಕು.

ಎರಡನೆಯದು ‘ಗೆ’. ‘ನನಗ’ ಚತುರ್ಥಿಯಾದ ಖುಷಿಯಲ್ಲಿ ‘ಗದಗಕ್ಕೆ ಹೊಂಟೇನಿ’ ಅನ್ನುವುದಕ್ಕೂ ಚತುರ್ಥಿ ಹಚ್ಚಿಬಿಡುತ್ತೇವೆ. ಅಲ್ಲಿ ಬೇಕಾದದ್ದು ‘ವ್’ ಜೊತೆ ದ್ವಿತೀಯಾ. ಅದೇ ‘ವ್’ ಜೊತೆ ಸಪ್ತಮಿ ಬಂದರೆ ‘ಗದಗದಾಗ’. ಊರಿಗಲ್ಲದೆ ಮನುಷ್ಯರ ಕಡೆ ಹೋಗುವುದಾದರೆ ‘ಕ್’ ಮತ್ತು ಚತುರ್ಥಿ: ಡಾಕ್ಟರ ಕಡೆ ಹೋಗುವುದು ‘ಕ್ ವ್ರಚೂ’. ‘ನನಗ ಗೊತ್ತು’ ಅನ್ನುವುದೂ ಅವರಲ್ಲಿ ಚತುರ್ಥಿ ಅಲ್ಲ, ‘ಯಾ ಜ್ನಾಯು’, ಪ್ರಥಮಾ. ‘ನನಗ ತಲಿ ನೋಯಾಕತ್ತದ’ ಅನ್ನುವುದಕ್ಕೆ ಮತ್ತೆ ‘ನನ್ನ ಕಡೆ’: ‘ಉ ಮಿನ್ಯಾ ಬಲೀತ್ ಗಲವಾ’. ಈ ಕೊನೆಯ ವಾಕ್ಯವನ್ನು ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡುವುದು ಒಳ್ಳೆಯದು. 2021ರ ನವೆಂಬರಿನ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ವಿದೇಶಿ ಪದವಿಯ ಪಾಠ ಇಂಗ್ಲಿಷ್ ಮಾಧ್ಯಮದಲ್ಲೇ ಇರಬೇಕು. ಆದರೆ ವಾರ್ಡಿನಲ್ಲಿ ಮಲಗಿದ ಅಜ್ಜಿಗೆ ಆ ನಿಯಮ ಗೊತ್ತಿರುವುದಿಲ್ಲ, ಆಕೆ ರಷ್ಯನ್ನಿನಲ್ಲೇ ನರಳುತ್ತಾಳೆ.

ಮೂರನೆಯದು ‘ಅನ್ನು’. ಇಲ್ಲಿ ಬಲೆಗಿಂತ ಸಹಾಯ ಹೆಚ್ಚು. ನಾವು ‘ಪುಸ್ತಕ ಓದಿದೆ’ ಅನ್ನುತ್ತೇವೆ, ‘ಅನ್ನು’ ಬಿಟ್ಟರೂ ನಡೆಯುತ್ತದೆ. ಆದರೆ ‘ತಮ್ಮ ನೋಡಿದೆ’ ಅಂದರೆ ಅರ್ಥವೇ ತಿರುಗಿಬಿಡುತ್ತದೆ, ‘ತಮ್ಮನ್ನ ನೋಡಿದೆ’ ಅನ್ನಲೇಬೇಕು. ರಷ್ಯನ್ ಪುಲ್ಲಿಂಗದಲ್ಲೂ ಜೀವವಿಲ್ಲದ ವಸ್ತುವಿನ ದ್ವಿತೀಯಾ ಪ್ರಥಮಾದಂತೆಯೇ ಇರುತ್ತದೆ, ಜೀವ ಇದ್ದರೆ ಮಾತ್ರ ಬದಲಾಗಿ ಷಷ್ಠಿಯ ರೂಪ ತಾಳುತ್ತದೆ. ‘ವೀಜು ಸ್ತೋಲ್’, ಟೇಬಲ್ ಕಾಣುತ್ತದೆ; ‘ವೀಜು ಬ್ರಾತ’, ತಮ್ಮ ಕಾಣುತ್ತಾನೆ. ಬಲೆ ಇರುವುದು ‘ಅ-ಯ’ ದಲ್ಲಿ ಮುಗಿಯುವ ಸ್ತ್ರೀಲಿಂಗದಲ್ಲಿ: ಅಲ್ಲಿ ಏಕವಚನದಲ್ಲಿ ಜೀವ ಇರಲಿ ಬಿಡಲಿ, ‘ಉ’ ಅಥವಾ ‘ಯು’ ಬಂದೇ ಬರುತ್ತದೆ.

ಹೆಚ್ಚಿನ ಪುಸ್ತಕಗಳು ಸಪ್ತಮಿಯಿಂದ ಅಥವಾ ದ್ವಿತೀಯಾದಿಂದ ಶುರುಮಾಡಿ ಷಷ್ಠಿಗೆ ಬರುತ್ತವೆ. ಷಷ್ಠಿಗೆ ಬಂದಾಗ ವೇಗ ಅರ್ಧಕ್ಕೆ ಇಳಿಸಿ. ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ವಿಭಕ್ತಿ ಅದು. ಲೆಕ್ಕವೂ ಅದರ ಕೈಯಲ್ಲಿದೆ: 1 ರೂಬ್ಲ್, 2 ರುಬ್ಲ್ಯಾ, 5 ರುಬ್ಲ್ಯೇಯ್. ಎರಡರಿಂದ ನಾಲ್ಕರವರೆಗೆ ಷಷ್ಠಿ ಏಕವಚನ, ಐದರಿಂದ ಇಪ್ಪತ್ತರವರೆಗೆ ಷಷ್ಠಿ ಬಹುವಚನ, ಇಪ್ಪತ್ತೊಂದಕ್ಕೆ ಮತ್ತೆ ಪ್ರಥಮಾ ಏಕವಚನ. ಇದನ್ನು ಕಲಿಯಲು ಮಾರ್ಕೆಟ್ಟಿಗೆ ಹೋದಾಗ ಬೆಲೆಗಳನ್ನು ಮನಸ್ಸಿನಲ್ಲೇ ರೂಬಲ್ಲಿನಲ್ಲಿ ಹೇಳಿಕೊಳ್ಳಿ. ಬಹುವಚನದ ಷಷ್ಠಿಯಲ್ಲಿ ಸ್ತ್ರೀಲಿಂಗದ ಬಾಲವೇ ಉದುರಿಹೋಗುತ್ತದೆ: ‘ಮ್ನೋಗ ಕ್ನೀಕ್’, ಬಹಳ ಪುಸ್ತಕಗಳು.

ಕ್ರಿಯಾಪದ

ಭೂತಕಾಲ ಸುಲಭ. ‘ನಾನು, ನೀನು, ಅವನು’ ಅನ್ನುವ ಭೇದ ಲೆಕ್ಕಕ್ಕಿಲ್ಲ, ಲಿಂಗ ಮತ್ತು ವಚನ ಸಾಕು: ಓದಿದವನು ಗಂಡಸಾದರೆ ‘ಚಿತಾಲ್’, ಹೆಂಗಸಾದರೆ ‘ಚಿತಾಲ’, ಬಹುವಚನಕ್ಕೆ ‘ಚಿತಾಲಿ’. ‘ನಾನು ಓದಿದೆ’ ಅನ್ನುವಾಗಲೂ ಹೇಳುವವರು ಹೆಂಗಸಾದರೆ ‘ಯಾ ಚಿತಾಲ’ ಅನ್ನಬೇಕು. ಪುಸ್ತಕದ ಅಭ್ಯಾಸಗಳಲ್ಲಿ ‘ನಾನು’ ಹೆಚ್ಚಾಗಿ ಗಂಡಸೇ ಇರುತ್ತಾನೆ, ಓದುವ ಹೆಣ್ಣುಮಕ್ಕಳು ಉತ್ತರ ಬದಲಿಸಿ ಬರೆಯಿರಿ.

ಕಠಿಣವಾದದ್ದು ಕ್ರಿಯಾಪದದ ಜೋಡಿ. ಪ್ರತಿ ಕೆಲಸಕ್ಕೂ ಸಾಧಾರಣವಾಗಿ ಎರಡು ಕ್ರಿಯಾಪದ: ಒಂದು ನಡೆಯುತ್ತಿರುವ ಅಥವಾ ಮತ್ತೆ ಮತ್ತೆ ನಡೆಯುವ ಕೆಲಸಕ್ಕೆ, ಇನ್ನೊಂದು ಒಮ್ಮೆ ಮುಗಿದ ಕೆಲಸಕ್ಕೆ. ‘ಚಿತಾಲ್’ ಅಂದರೆ ಓದುತ್ತಿದ್ದ, ಓದಿದ; ‘ಪ್ರಚಿತಾಲ್’ ಅಂದರೆ ಓದಿ ಮುಗಿಸಿದ, ಓದಿಬಿಟ್ಟ. ನಮ್ಮ ‘ಬಿಡು’, ‘ಮುಗಿಸು’, ‘ಹಾಕು’ ಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ದಾರಿ ಸಾಗಿದಂತೆ. ಉಳಿದರ್ಧಕ್ಕೆ ಈ ನಿಯಮ ನೆನಪಿಡಿ: ಮುಗಿದ ಕೆಲಸದ ಕ್ರಿಯಾಪದಕ್ಕೆ ವರ್ತಮಾನವೇ ಇಲ್ಲ, ವರ್ತಮಾನದ ಪ್ರತ್ಯಯ ಹಚ್ಚಿದರೆ ಭವಿಷ್ಯತ್ತಾಗುತ್ತದೆ. ‘ಚಿತಾಯು’ ಈಗ ಓದುತ್ತಿದ್ದೇನೆ; ‘ಪ್ರಚಿತಾಯು’ ಓದಿ ಮುಗಿಸುತ್ತೇನೆ. ನೋಟ್‌ಬುಕ್ಕಿನ ಎಡಪುಟಕ್ಕೆ ಒಂದನ್ನು, ಬಲಪುಟಕ್ಕೆ ಅದರ ಜೋಡಿಯನ್ನು ಬರೆಯಿರಿ. ಒಂಟಿ ಕ್ರಿಯಾಪದ ಬರೆಯಲೇಬೇಡಿ. ಜೋಡಿಗಳು ಯಾವಾಗಲೂ ಒಂದನ್ನೊಂದು ಹೋಲುವುದಿಲ್ಲ: ಹೇಳುವುದು ‘ಗವರೀತ್’, ಒಮ್ಮೆ ಹೇಳಿ ಮುಗಿಸುವುದು ‘ಸ್ಕಜಾತ್’.

‘ಹೋಗು’ ಅನ್ನುವುದಕ್ಕೆ ನಾಲ್ಕು ಕ್ರಿಯಾಪದ ಬಂದಾಗ ಗಾಬರಿಯಾಗಬೇಡಿ. ಕಾಲ್ನಡಿಗೆಯೋ ಗಾಡಿಯೋ ಅನ್ನುವುದು ಮೊದಲ ಪ್ರಶ್ನೆ. ಈಗ ಒಂದು ಕಡೆ ಹೊರಟಿದ್ದೋ, ದಿನಾ ಹೋಗಿ ಬರುವುದೋ ಅನ್ನುವುದು ಎರಡನೆಯದು. ಚಿಗರಿ ಬಸ್ಸಿನಲ್ಲಿ ಈಗ ಧಾರವಾಡಕ್ಕೆ ಹೊರಟಿದ್ದರೆ ‘ಯೇದು’, ದಿನಾ ಓಡಾಡುವವರಾದರೆ ‘ಯೇಜು’. ಓಣಿಯ ಅಂಗಡಿಗೆ ನಡೆದು ಹೊರಟರೆ ‘ಇದೂ’, ದಿನಾ ನಡೆದು ಹೋಗುವವರು ‘ಖಜೂ’. ಒಂದು ವಾರ ಮನೆಯಿಂದ ಹೊರಬಿದ್ದಾಗಲೆಲ್ಲ ಸರಿಯಾದದ್ದನ್ನು ಆರಿಸಿ ಹೇಳಿಕೊಳ್ಳಿ, ಪುಸ್ತಕದ ಹತ್ತು ಅಭ್ಯಾಸಕ್ಕಿಂತ ಅದು ಮೇಲು. ಮಳೆ ಕೂಡ ಅವರಲ್ಲಿ ನಡೆದೇ ಹೋಗುತ್ತದೆ, ‘ಇದ್ಯೋತ್ ದೋಷ್ತ್’. ಜುಲೈ ತಿಂಗಳ ಧಾರವಾಡದಲ್ಲಿ ಈ ವಾಕ್ಯಕ್ಕೆ ಅಭ್ಯಾಸದ ಕೊರತೆ ಬೀಳುವುದಿಲ್ಲ.

ದಿನದ ಕೆಲಸ

ದಿನಕ್ಕೆ ಮುಕ್ಕಾಲು ತಾಸು ಸಾಕು, ಆದರೆ ದಿನಾ. ಮೊದಲು ನಿನ್ನೆಯ ಪಾಠದ ಅಭ್ಯಾಸವನ್ನು ಉತ್ತರ ಮುಚ್ಚಿ ಬಾಯಲ್ಲಿ ಹೇಳಿ. ಆಮೇಲೆ ಹೊಸ ಪಾಠದ ಅರ್ಧ. ಕೊನೆಗೆ ಬರವಣಿಗೆ. ಅಭ್ಯಾಸಗಳನ್ನು ಪುಸ್ತಕದಲ್ಲೇ ತುಂಬಬೇಡಿ, ಬೇರೆ ನೋಟ್‌ಬುಕ್ಕಿನಲ್ಲಿ ಪೂರ್ತಿ ವಾಕ್ಯ ಬರೆಯಿರಿ; ಮೂರು ತಿಂಗಳ ಮೇಲೆ ಅದೇ ಅಭ್ಯಾಸ ಮತ್ತೆ ಮಾಡಬೇಕಾಗುತ್ತದೆ. ಆಡಿಯೋವನ್ನು ಮೇಜಿನ ಮುಂದೆ ಕೂತು ಕೇಳುವ ಅಗತ್ಯವಿಲ್ಲ. ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವಷ್ಟರಲ್ಲಿ ಒಂದು ಪಾಠದ ಸಂಭಾಷಣೆಯನ್ನು ಹಲವು ಸಲ ಕೇಳಬಹುದು. ಮೊಬೈಲ್ ಆ್ಯಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಶಬ್ದ ನೆನಪಿಡಲು ಅವು ಸಾಕು, ವಿಭಕ್ತಿ ಕಲಿಸಲು ಸಾಲವು. ರಷ್ಯನ್ ಕೀಲಿಮಣೆ ಮಾತ್ರ ಮೊಬೈಲಿಗೆ ಹಾಕಿಕೊಳ್ಳಿ.

ಎಷ್ಟು ದಿನ ಬೇಕು ಅನ್ನುವವರಿಗೆ ಒಂದು ಅಳತೆ: ಅಮೆರಿಕದ ರಾಯಭಾರ ಸಿಬ್ಬಂದಿಗೆ ಭಾಷೆ ಕಲಿಸುವ ಸರಕಾರಿ ಸಂಸ್ಥೆ, ಇಂಗ್ಲಿಷ್ ಮಾತೃಭಾಷೆಯವರು ಕಚೇರಿ ಕೆಲಸ ಮಾಡುವ ಮಟ್ಟಕ್ಕೆ ಬರಲು ರಷ್ಯನ್ನಿಗೆ 44 ವಾರ, ಸುಮಾರು 1100 ತರಗತಿ ತಾಸು ಇಟ್ಟಿದೆ. ಮುಕ್ಕಾಲು ತಾಸಿನ ಲೆಕ್ಕದಲ್ಲಿ ಅದು ನಾಲ್ಕು ವರ್ಷ. ಆದರೆ ಮೊದಲ ಪುಸ್ತಕ ಮುಗಿಸುವ ಗುರಿ ಅಷ್ಟು ದೂರದ್ದಲ್ಲ. ರಷ್ಯಾ ಸರಕಾರದ ವಿದೇಶಿಯರ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲಿಗೆ ಬೇಕಾಗುವ ಶಬ್ದಗಳು ಸುಮಾರು 780, ಎರಡನೆಯದಕ್ಕೆ 1300. ಶಬ್ದ-ವ್ಯಾಕರಣ, ಓದು, ಕೇಳುವುದು, ಬರೆಯುವುದು, ಮಾತು ಅಂತ ಐದು ಭಾಗ. ಪರೀಕ್ಷೆ ಕಟ್ಟದಿದ್ದರೂ ಅದರ ಮಾದರಿ ಪ್ರಶ್ನೆಗಳು ನಿಮ್ಮ ಮಟ್ಟ ಅಳೆಯಲು ಒಳ್ಳೆಯವು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ, ತಿರುವನಂತಪುರಗಳಲ್ಲಿ ರಷ್ಯಾದ ಸಾಂಸ್ಕೃತಿಕ ಕೇಂದ್ರಗಳಿವೆ. ಪರೀಕ್ಷೆಯ, ತರಗತಿಯ ವಿಚಾರಣೆ ಅಲ್ಲಿ ಮಾಡಬಹುದು. ಮಾತಿನ ಅಭ್ಯಾಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಆ ಕಡೆ ವೈದ್ಯಕೀಯ ಓದಿ ಬಂದ ಡಾಕ್ಟರರು ಪರಿಚಯದಲ್ಲಿದ್ದರೆ ಸಂಜೆ ಹೋಗಿ ‘ಜ್ದ್ರಾಸ್ತ್ವುಯ್ತೆ’ ಅನ್ನಿ. ಅವರಿಗೂ ಮರೆತುಹೋಗುತ್ತಿರುವ ಭಾಷೆ ಅದು, ಚಹಾ ಕೊಟ್ಟು ಕೂರಿಸಿಕೊಂಡಾರು.

ಪುಸ್ತಕ ಮುಗಿದ ಮೇಲೆ ನೇರ ದೊಡ್ಡ ಕಾದಂಬರಿಗೆ ಹೋಗಬೇಡಿ. ಒತ್ತಿನ ಗುರುತು ಹಾಕಿ ಕಲಿಯುವವರಿಗಾಗಿ ಅಚ್ಚು ಮಾಡಿದ ಸಣ್ಣ ಕಥೆಗಳು ಸಿಗುತ್ತವೆ. ಓದುವಾಗ ನಿಘಂಟಿನ ತೊಡಕು ಎದುರಾಗುತ್ತದೆ: ಕಥೆಯಲ್ಲಿ ‘ಶೋಲ್’ ಅಂತ ಇರುತ್ತದೆ, ನಿಘಂಟಿನಲ್ಲಿ ಸಿಗುವುದಿಲ್ಲ, ಯಾಕೆಂದರೆ ಅದು ‘ಇತ್ತೀ’ ಅನ್ನುವ ಹೋಗುವ ಕ್ರಿಯಾಪದದ ಭೂತಕಾಲ. ‘ಲ್ಯೂದಿ’, ಅಂದರೆ ಮಂದಿ, ‘ಚೆಲವ್ಯೇಕ್’ ಅನ್ನುವುದರ ಬಹುವಚನ. ಅಚ್ಚಾದ ನಿಘಂಟು ಮೂಲರೂಪ ಗೊತ್ತಿದ್ದವರಿಗೆ ಮಾತ್ರ. ಅಂತರ್ಜಾಲದ ವಿಕ್ಷನರಿಯಲ್ಲಿ ಬದಲಾದ ರೂಪ ಹಾಕಿದರೂ ಸಾಮಾನ್ಯವಾಗಿ ಮೂಲಕ್ಕೆ ದಾರಿ ತೋರಿಸುತ್ತದೆ, ವಿಭಕ್ತಿಯ ಪೂರ್ತಿ ಕೋಷ್ಟಕವನ್ನು ಒತ್ತಿನ ಗುರುತಿನ ಸಮೇತ ಕೊಡುತ್ತದೆ. ಮೊದಲ ಕಥೆಯ ಮೊದಲ ಪುಟದಲ್ಲಿ ಪ್ರತಿ ನಾಮಪದದ ಮೇಲೆ ಅದರ ವಿಭಕ್ತಿಯನ್ನು ಪೆನ್ಸಿಲಿನಲ್ಲಿ ಬರೆದು, ಆ ಕೋಷ್ಟಕದ ಜೊತೆ ತಾಳೆ ನೋಡಿ. ಎರಡನೆಯ ಪುಟಕ್ಕೆ ಹೋಗುವುದು ಆಮೇಲೆ.